ಶಿವಗಂಗೆಯಲ್ಲಿ ಶಾಂತಲಾದೇವಿ: ಸತ್ಯ, ಪ್ರೇಮ, ದಿನಚರ್ಯೆ

ಸತ್ಯವೆಂಬುದು ಶಾಸ್ತ್ರಜ್ಞರ ವಾದಕ್ಕೆ ಮೀಸಲಾದುದೆಂದೂ, ಪ್ರೇಮವೆಂಬುದು ಕವಿಗಳ ವರ್ಣನೆಗೆ ಮೀಸಲಾದುದೆಂದೂ, ದಿನಚರ್ಯೆಯೆಂಬುದು ಇವೆರಡಕ್ಕೂ ಸಂಬಂಧವಿಲ್ಲದ ಹೊಟ್ಟೆಪಾಡಿನ ಮಾತೆಂದೂ ಲೋಕದಲ್ಲಿ ಅನೇಕರು ಭಾವಿಸಿರುವರು. ಹಾಗಲ್ಲವೆಂದು ನಡೆದು ತೋರಿಸಿದುದೇ ೧೨ನೆಯ ಶತಮಾನದ ಶಿವಶರಣರ ಹಿರಿಮೆಯಾಗಿದೆ. ಅವರ ಮತದಲ್ಲಿ ಸತ್ಯವು ನುಡಿಯಲ್ಲಿದ್ದರೆ ಸಾಲದು, ಕಾಯಕದಲ್ಲಿರಬೇಕು. ಪ್ರೇಮವು ಮನಸ್ಸಿನಲ್ಲಿದ್ದರೆ ಸಾಲದು, ದಾಸೋಹದಲ್ಲಿರಬೇಕು. ಈ ತತ್ತ್ವವನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ನಿಜವಾಗಿ ನಡೆದ ಒಂದು ಪ್ರಸಂಗದ ಮೇಲಿಟ್ಟು ಒರೆದುನೋಡುವುದು ಕಷ್ಟ. ಅಂತಹ ಒರೆಗಲ್ಲೊಂದು ನೆಲಮಂಗಲದ ಸೀಮೆಯಲ್ಲಿಯೇ ಇರುವುದು. ಅದು ಶಿವಗಂಗೆಯ ಬೆಟ್ಟ.

ಪೂರ್ವದಿಂದ ನೋಡಿದವರಿಗೆ ನಂದಿಯಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ತೋರುವುದೆಂದು ಹಿರಿಯರು ವರ್ಣಿಸುವ ಈ ಗಿರಿಗೆ ಕಕುದ್ಗಿರಿಯೆಂಬ ಹೆಸರೂ ಉಂಟು. ದಕ್ಷಿಣಕಾಶಿಯೆಂದು ಭಕ್ತರು ಕೊಂಡಾಡುವ ಈ ಕ್ಷೇತ್ರದಲ್ಲಿ ಗಂಗಾಧರೇಶ್ವರನೂ ಹೊನ್ನಾದೇವಿಯೂ ನೆಲೆಸಿರುವರು; ಪಾತಾಳಗಂಗೆ, ಒಳಕಲ್ಲು ತೀರ್ಥ ಮೊದಲಾದ ಜಲಸ್ಥಾನಗಳಿರುವವು; ಕುಮುದ್ವತೀ ನದಿಯು ಇಲ್ಲಿಯೇ ಹುಟ್ಟಿ ಅರ್ಕಾವತಿಯನ್ನು ಸೇರುವುದು. ಮಕರಸಂಕ್ರಾಂತಿಯ ಕಾಲದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ಮಾಗಡಿ, ತುಮಕೂರು ಸೀಮೆಗಳ ಒಕ್ಕಲುಮಕ್ಕಳು ಸುಗ್ಗಿಯನ್ನು ಮುಗಿಸಿಕೊಂಡು ಜಾತ್ರೆಗೆ ಬರುವರು. ಹಾಗೆ ಬಂದವರು ಮೆಟ್ಟಿಲುಗಳನ್ನು ಹತ್ತಿ, ಕೊನೆಗೆ ಕಬ್ಬಿಣದ ಕಂಬಿಗಳನ್ನು ಹಿಡಿದು ತುದಿಯನ್ನು ಮುಟ್ಟಿದಾಗ, ಅಲ್ಲಿ ಕಡಿದಾದ ಒಂದು ಬಂಡೆಯನ್ನು ತೋರಿಸಿ ಹಿರಿಯರು ಕಿರಿಯರಿಗೆ ಒಂದು ಕಥೆಯನ್ನು ಹೇಳುವರು.

ಆ ಕಥೆಯು ಇಂತಿರುವುದು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿಯಾದ ಶಾಂತಲಾದೇವಿಗೆ ಗಂಡುಸಂತಾನವಿರಲಿಲ್ಲ. ಆ ಕೊರಗಿನಿಂದಲೋ, ರಾಜ್ಯಕ್ಕೆ ಉತ್ತರಾಧಿಕಾರಿಯು ಹುಟ್ಟಲೆಂದು ಸವತಿಗೆ ಎಡೆಮಾಡಿಕೊಡುವ ತ್ಯಾಗಬುದ್ಧಿಯಿಂದಲೋ, ಆಕೆಯು ಈ ಬಂಡೆಯ ಮೇಲಿನಿಂದ ಕೆಳಕ್ಕೆ ಹಾರಿ ಪ್ರಾಣವನ್ನು ಬಿಟ್ಟಳು. ಈ ಎಡೆಗೆ ಈಚಿನವರು ‘ಶಾಂತಲಾ ಡ್ರಾಪ್’ ಎಂಬ ಹೆಸರನ್ನೂ ಇಟ್ಟಿರುವರು. ಕಥೆಯನ್ನು ಕೇಳಿದ ಹೆಣ್ಣುಮಕ್ಕಳು ಕಣ್ಣೀರನ್ನು ಒರಸಿಕೊಳ್ಳುವರು. ‘ಎಂತಹ ಪ್ರೀತಿ!’ ಎಂದು ಕೇಳಿದವರೆಲ್ಲರೂ ಉದ್ಗಾರ ತೆಗೆಯುವರು.

ಇಲ್ಲಿಯೇ ವಿಚಾರವು ಹುಟ್ಟುವುದು. ಇದು ಪ್ರೀತಿಯೇ? ಅದಕ್ಕಿಂತ ಮುಂಚೆ, ಇದು ಸತ್ಯವೇ? ಸತ್ಯವಲ್ಲದುದನ್ನು ಪ್ರೀತಿಯ ಹೆಸರಿನಲ್ಲಿ ಮೃತರಾದವರ ತಲೆಗೆ ಕಟ್ಟಬಹುದೇ? ಬದುಕಿರುವ ನೆರೆಯವರ ವಿಷಯದಲ್ಲಿ ಇಲ್ಲದುದನ್ನು ಹೇಳಿದರೆ ಅದನ್ನು ಚಾಡಿಯೆಂದು ಕರೆಯುವೆವು. ಎದ್ದುಬಂದು ಉತ್ತರ ಹೇಳಲಾರದ ಒಬ್ಬಳ ವಿಷಯದಲ್ಲಿ ಹಾಗೆಯೇ ಹೇಳಿದರೆ ಅದಕ್ಕೆ ಏನೆಂದು ಹೆಸರಿಡಬೇಕು?

ಶಾಂತಲಾದೇವಿಯ ಮರಣವನ್ನು ಕುರಿತು ಶಿಲೆಯೇ ಮಾತಾಡಿರುವುದು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಆಕೆಯ ತಾಯಿಯಾದ ಮಾಚಿಕಬ್ಬೆಯ ಮರಣವನ್ನು ಹೇಳುವ ಶಾಸನವೊಂದುಂಟು. ಶಕವರ್ಷ ೧೦೫೩ನೆಯ ವಿರೋಧಿಕೃತ್ ಸಂವತ್ಸರದ ಚೈತ್ರಶುದ್ಧ ಪಂಚಮಿ ಸೋಮವಾರ, ಎಂದರೆ ಕ್ರಿ. ಶ. ೧೧೩೧ರಲ್ಲಿ, ಶಾಂತಲಾದೇವಿಯು ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದು ಅದು ತಿಳಿಸುವುದು. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಜೈನಧರ್ಮದ ಕ್ರಮದಂತೆ ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳು ಅನಶನವ್ರತದಲ್ಲಿದ್ದು ದೇಹವನ್ನು ಬಿಟ್ಟಳೆಂದೂ ಅದೇ ಶಾಸನವು ಹೇಳುವುದು. ಇದರಲ್ಲಿ ಬಂಡೆಯ ಮಾತಿಲ್ಲ, ಹಾರಿದ ಮಾತಿಲ್ಲ, ಮಗನಿಲ್ಲದ ಕೊರಗಿನ ಮಾತಿಲ್ಲ, ಸವತಿಗಾಗಿ ಮಾಡಿದ ತ್ಯಾಗದ ಮಾತೂ ಇಲ್ಲ.

ಶಾಸನವು ಹೇಳಲಿಲ್ಲವೆಂಬ ಮಾತ್ರಕ್ಕೆ ಒಂದು ಸಂಗತಿಯು ನಡೆಯಲೇ ಇಲ್ಲವೆಂದು ಸಾಧಿಸಲಾಗದೆಂದು ಆಕ್ಷೇಪಿಸುವವರುಂಟು. ಆ ಆಕ್ಷೇಪವು ನ್ಯಾಯವಾದುದೇ ಸರಿ. ಆದರೆ ಎರಡು ಅಂಶಗಳನ್ನು ತೂಗಿನೋಡಬೇಕು. ಮೊದಲನೆಯದಾಗಿ, ತಾಯಿಯ ದುಃಖವನ್ನೂ ಆಕೆಯ ಮರಣದ ಕ್ರಮವನ್ನೂ ಸಂಕೋಚವಿಲ್ಲದೆ ಹೇಳಿದ ಶಾಸನವು ಮಗಳಿಗೂ ಅಂತಹ ದುಃಖವಿದ್ದಿದ್ದರೆ ಅದನ್ನು ಬಿಟ್ಟುಬಿಡುತ್ತಿತ್ತೆಂದು ಊಹಿಸಲು ಕಾರಣ ಬೇಕು. ಎರಡನೆಯದಾಗಿ, ನಡೆಯಿತೆಂದು ಹೇಳುವವರ ಮೇಲೆಯೇ ಸಾಧಿಸುವ ಹೊರೆಯಿರುವುದು. ನಡೆಯಲಿಲ್ಲವೆಂದು ತೋರಿಸುವ ಹೊರೆಯನ್ನು ಮೃತಳಾದವಳ ಮೇಲೆ ಹೊರಿಸುವುದು ಧರ್ಮವಲ್ಲ.

ಹಾಗಾದರೆ ಈ ಕಥೆಯು ಎಲ್ಲಿಂದ ಬಂದಿತು? ಬರಿಯ ಶೂನ್ಯದಿಂದ ಕಥೆಗಳು ಹುಟ್ಟುವುದಿಲ್ಲ. ಎರಡು ನಿಜವಾದ ಗೂಟಗಳ ನಡುವೆ ಜನರು ಕಲ್ಪನೆಯ ಹಗ್ಗವನ್ನು ಎಳೆದು ಕಟ್ಟುವರು. ಒಂದು ಗೂಟವಾವುದೆಂದರೆ, ರಾಣಿಯು ಮರಣಹೊಂದಿದುದು ಎತ್ತರವಾದ ಬೆಟ್ಟದ ಕ್ಷೇತ್ರದಲ್ಲಿ ಎಂಬುದು. ಮತ್ತೊಂದು, ಮುಂದೆ ಪಟ್ಟಕ್ಕೆ ಬಂದ ನರಸಿಂಹನು ಆಕೆಯು ಕಾಲವಾದ ಎರಡು ವರುಷಗಳ ಮೇಲೆ ಹುಟ್ಟಿದನು ಎಂಬುದು. ದೋರಸಮುದ್ರದಲ್ಲಿ ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು ಕ್ರಿ. ಶ. ೧೧೩೩ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅದರ ಪ್ರಸಾದವು ಅರಸನಿಗೆ ಮುಟ್ಟಿದ ಸಮಯದಲ್ಲಿಯೇ ಜಯವೂ ಪುತ್ರಜನನವೂ ಕೂಡಿಬಂದುದರಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಕುಮಾರನಿಗೆ ವಿಜಯನರಸಿಂಹನೆಂದೂ ಹೆಸರಾಯಿತೆಂದು ಅಲ್ಲಿಯ ಶಾಸನವು ಹೇಳುವುದು. ಆ ಕುಮಾರನ ತಾಯಿಯು ಲಕ್ಷ್ಮೀದೇವಿ. ಮೊದಲು ಒಬ್ಬ ರಾಣಿಯ ಮರಣ, ಬಳಿಕ ಮತ್ತೊಬ್ಬ ರಾಣಿಯಲ್ಲಿ ಪುತ್ರೋತ್ಸವ. ಹಿಂದಿನದು ಮುಂದಿನದಕ್ಕಾಗಿಯೇ ನಡೆಯಿತೆಂದು ಜನರ ಮನಸ್ಸು ಗಂಟುಹಾಕಿತು. ಗಂಟು ಅಂದವಾಗಿದ್ದುದರಿಂದ ಅದನ್ನು ಬಿಚ್ಚಿನೋಡಲು ಯಾರಿಗೂ ಮನಸ್ಸು ಬರಲಿಲ್ಲ. ಈಚಿನ ಕಾದಂಬರಿಗಳೂ ನಾಟಕಗಳೂ ಶಾಂತಲೆಯನ್ನು ಮನೆಮಾತಾಗಿಸಿದ ಮೇಲೆ ಇತಿಹಾಸವೆಷ್ಟು ಕಲ್ಪನೆಯೆಷ್ಟು ಎಂಬುದನ್ನು ವಿಂಗಡಿಸುವುದು ಸಾಮಾನ್ಯರಿಗೆ ಮತ್ತಷ್ಟು ಕಷ್ಟವಾಯಿತು.

ಕಥೆಯು ಆಕೆಯ ಸಾವನ್ನು ದೊಡ್ಡದುಮಾಡಿತು. ಶಿಲೆಗಳು ಆಕೆಯ ಬಾಳನ್ನು ದೊಡ್ಡದುಮಾಡಿರುವವು. ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವನು. ತಾಯಿ ಮಾಚಿಕಬ್ಬೆಯು ಜೈನಳು. ಪತಿಯಾದ ವಿಷ್ಣುವರ್ಧನನು ವೈಷ್ಣವಧರ್ಮವನ್ನು ಅವಲಂಬಿಸಿದನೆಂಬ ಸಂಪ್ರದಾಯವುಂಟು. ಒಂದೇ ಬಳಗದೊಳಗೆ ಮೂರು ಮತಗಳು. ಕ್ರಿ. ಶ. ೧೧೧೭ರಲ್ಲಿ ಅರಸನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆಮಾಡಿಸಿದಾಗ, ಜಿನಭಕ್ತಳಾದ ಈ ರಾಣಿಯು ಅದರ ಮಗ್ಗುಲಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. ೧೧೨೩ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ಶಾಂತಿನಾಥನನ್ನು ಸ್ಥಾಪಿಸಿ, ಅದರ ಪೂಜೆಗೂ ಮುನಿಗಳ ಆಹಾರದಾನಕ್ಕೂ ಮೊಟ್ಟೆನವಿಲೆಯೆಂಬ ಗ್ರಾಮವನ್ನು ತನ್ನ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದುಕೊಟ್ಟಳು. ಆಕೆಯ ದೇಹವು ಬಿದ್ದುದು ಶೈವರ ತೀರ್ಥದಲ್ಲಿ. ತಾಯಿಯ ದೇವರನ್ನು ಬಿಡದೆ, ಪತಿಯ ದೇವರನ್ನು ತಳ್ಳದೆ ಬಾಳಿದ ಈ ಬಾಳುವೆಯಲ್ಲಿ ಪ್ರೇಮಕ್ಕೆ ಸಾಕ್ಷಿಯು ಬೇಕಾದಷ್ಟಿರಲು, ಅದನ್ನು ಹುಡುಕಿಕೊಂಡು ಬಂಡೆಯ ಅಂಚಿಗೆ ಹೋಗುವುದೇತಕ್ಕೆ?

ಆಕೆಯ ಬಿರುದುಗಳಲ್ಲಿ ‘ಉದ್ವೃತ್ತಸವತಿಗಂಧವಾರಣೆ’ ಎಂಬುದೊಂದು. ಮೇರೆಮೀರಿದ ಸವತಿಯರಿಗೆ ಮದದಾನೆಯಂತಿರುವವಳು ಎಂದು ಅದರ ತಾತ್ಪರ್ಯ. ಬಸದಿಗೆ ಆ ಹೆಸರೇ ನಿಂತಿರುವುದು. ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದೂ ವಿವೇಕದಲ್ಲಿ ಬೃಹಸ್ಪತಿಗೆ ಸಮಾನಳೆಂದೂ ಶಾಸನಕವಿಗಳು ಆಕೆಯನ್ನು ಹೊಗಳಿರುವರು. ಬಿರುದುಗಳಲ್ಲಿ ಅತಿಶಯೋಕ್ತಿಯಿರುವುದು ಸಹಜವೇ ಆದರೂ, ಅವುಗಳಲ್ಲಿ ಕಾಣುವ ಹೆಂಗಸು ಧೀರಳು; ತನ್ನ ಎಡೆಯನ್ನು ತಾನು ಬಲ್ಲವಳು. ಸವತಿಗೆ ದಾರಿಬಿಡಲೆಂದು ಬೆಟ್ಟದಿಂದ ಉರುಳಿದವಳ ಚಿತ್ರಕ್ಕೂ ಈ ಬಿರುದಿಗೂ ಹೊಂದಿಕೆಯಾಗುವುದಿಲ್ಲ.

ಹೆಣ್ಣಿನ ಸಾವನ್ನು ಮೆಚ್ಚಿ ಆಕೆಯ ಬಾಳನ್ನು ಮರೆಯುವ ಅಭ್ಯಾಸವು ಶಿವಗಂಗೆಯೊಂದರಲ್ಲಿಯೇ ಕಾಣುವುದೆಂದು ತಿಳಿಯಲಾಗದು. ಕನ್ನಡನಾಡಿನ ಅನೇಕ ಹಳ್ಳಿಗಳಲ್ಲಿ ಮಾಸ್ತಿಕಲ್ಲುಗಳು ನಿಂತಿರುವವು. ಬಳೆ ತೊಟ್ಟ ತೋಳೊಂದು ಕಂಬದಿಂದ ಹೊರಟು ಮೇಲಕ್ಕೆತ್ತಿದಂತೆ ಕೆತ್ತಿರುವ ಆ ಕಲ್ಲುಗಳು ಗಂಡನೊಡನೆ ಪ್ರಾಣಬಿಟ್ಟ ಹೆಂಗಸರ ಗುರುತುಗಳು. ಅವಕ್ಕೆ ಅರಿಸಿನ ಕುಂಕುಮವಿಟ್ಟು ಕೈಮುಗಿಯುವುದುಂಟು. ಆದರೆ ಅರುವತ್ತು ವರುಷ ರಾಗಿ ಬೀಸಿ, ಮಕ್ಕಳನ್ನು ಸಲಹಿ, ಹಸಿದು ಬಂದವರಿಗೆ ಅಂಬಲಿಯನ್ನು ಎರೆದು, ವೃದ್ಧಾಪ್ಯದಲ್ಲಿ ತಣ್ಣಗೆ ಕಣ್ಮುಚ್ಚಿದ ತಾಯಂದಿರಿಗೆ ಯಾವ ಕಲ್ಲೂ ಇಲ್ಲ. ಸತ್ತು ತೋರಿಸಿದ ಪ್ರೀತಿಗೆ ಕಲ್ಲುಂಟು. ಬಾಳಿ ತೋರಿಸಿದ ಪ್ರೀತಿಗೆ ಕಲ್ಲಿಲ್ಲ. ಈ ಕೊರತೆಯನ್ನು ತುಂಬಿದವರು ಶಿವಶರಣರು. ಅವರು ಕಲ್ಲನ್ನು ನಿಲ್ಲಿಸಲಿಲ್ಲ, ಮಾತನ್ನು ನಿಲ್ಲಿಸಿದರು.

ಬಸವಣ್ಣನವರು ಹುಟ್ಟಿದ ವರುಷವನ್ನು ಕೆಲವರು ೧೧೦೫ ಎಂದೂ, ಕೆಲವರು ೧೧೩೧ ಎಂದೂ, ಮತ್ತೆ ಕೆಲವರು ೧೧೩೪ ಎಂದೂ ಎಣಿಸಿರುವರು. ಯಾವ ಎಣಿಕೆಯನ್ನು ಹಿಡಿದರೂ ಶಾಂತಲಾದೇವಿಯ ಬಾಳು ಮುಗಿದ ಮೇಲೆಯೇ ಕಲ್ಯಾಣದ ಶರಣರ ಕಾಲವು ಬೆಳಗಿತು. ಅಲ್ಲಿ ಅನೇಕ ಕಾಯಕಗಳ ಶರಣರು ನೆರೆದರು. ಅವರಲ್ಲಿ ಆಯ್ದಕ್ಕಿ ಮಾರಯ್ಯನೂ ಆತನ ಪತ್ನಿಯಾದ ಲಕ್ಕಮ್ಮನೂ ಸೇರಿದ್ದರು. ಲಿಂಗಸುಗೂರಿನ ಸೀಮೆಯ ಅಮರೇಶ್ವರಕ್ಷೇತ್ರದ ಕಡೆಯಿಂದ ಬಂದ ಇವರ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಆಯ್ದ ಅಕ್ಕಿಯಲ್ಲಿ ಅಡಿಗೆಮಾಡಿ ಜಂಗಮಕ್ಕೆ ನೀಡಿ ಉಳಿದುದನ್ನು ತಾವು ಉಣ್ಣುವುದು ಅವರ ನಿತ್ಯನೇಮ.

ಒಂದು ದಿವಸ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಈ ಹೆಚ್ಚಿಗೆಯ ಅಕ್ಕಿಯು ಎಲ್ಲಿಂದ ಬಂದಿತೆಂದೂ, ಆಸೆಯೆಂಬುದು ಅರಸರಿಗೆ ಸಲ್ಲುವುದಲ್ಲದೆ ಶರಣರಿಗೆ ಸಲ್ಲದೆಂದೂ ಗಂಡನಿಗೆ ತಿಳಿಯಹೇಳಿ, ಬೇಕಾದುದಕ್ಕಿಂತ ಮಿಕ್ಕುದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಮಾರಯ್ಯನು ಸಿಟ್ಟಾಗಲಿಲ್ಲ, ಹೆಂಡತಿಯು ತನ್ನನ್ನು ತಿದ್ದುವುದೇನೆಂದು ಬಿಗಿದುಕೊಳ್ಳಲಿಲ್ಲ, ಅಕ್ಕಿಯನ್ನು ಹಿಂದಕ್ಕೆ ಸುರಿದು ಬಂದನು. ಶರಣರ ಕಥಾಪರಂಪರೆಯು ಹೇಳುವ ಪ್ರಸಂಗವು ಇಷ್ಟೇ.

ಇದರಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ, ಪ್ರಾಣತ್ಯಾಗವಿಲ್ಲ. ಒಂದು ಗುಡಿಸಿಲು, ಒಂದು ಹಿಡಿ ಹೆಚ್ಚಿಗೆಯ ಅಕ್ಕಿ, ಗಂಡಹೆಂಡಿರ ನಾಲ್ಕು ಮಾತು. ಆದರೂ ಸತ್ಯ, ಪ್ರೇಮ, ದಿನಚರ್ಯೆಗಳು ಮೂರೂ ಇಲ್ಲಿ ಒಂದಾಗಿರುವವು. ತನ್ನದಲ್ಲದುದು ತನ್ನ ಮಡಕೆಯಲ್ಲಿರಬಾರದೆಂಬುದು ಸತ್ಯ. ಗಂಡನು ಜಾರುತ್ತಿರುವಾಗ ಸುಮ್ಮನಿರದೆ, ಹಳಿದು ಅವಮಾನಗೊಳಿಸದೆ, ಕೈಹಿಡಿದು ನಿಲ್ಲಿಸುವುದು ಪ್ರೇಮ. ಇದೆಲ್ಲವೂ ಒಲೆಯ ಮುಂದೆ, ಅಡಿಗೆಯ ಹೊತ್ತಿನಲ್ಲಿ ನಡೆಯಿತೆಂಬುದು ದಿನಚರ್ಯೆ. ಲಕ್ಕಮ್ಮನ ವಚನಗಳ ಅಂಕಿತವು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದಿರುವುದು. ಗಂಡನಿಗೆ ಕಟುವಾದ ಸತ್ಯವನ್ನು ಹೇಳಿದ ಬಾಯಿಯೇ ತನ್ನ ದೇವರನ್ನು ಆ ಗಂಡನಿಗೆ ಪ್ರಿಯನಾದವನೆಂದು ಕರೆದಿರುವುದು. ಸತ್ಯವನ್ನು ಹೇಳಿದರೆ ಪ್ರೀತಿಯು ಒಡೆಯುವುದೆಂದು ಅಂಜುವವರಿಗೆ ಈ ಅಂಕಿತವೊಂದೇ ಉತ್ತರವಾಗಿರುವುದು.

ಈ ಪ್ರಸಂಗವು ಉಳಿದುಬಂದ ಬಗೆಯೂ ಸ್ಮರಣೀಯವಾದುದು. ಕಲ್ಯಾಣದ ಕ್ರಾಂತಿಯ ಬಳಿಕ ಚೆದರಿಹೋದ ವಚನಗಳನ್ನು ೧೫ನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರು ಒಟ್ಟುಗೂಡಿಸತೊಡಗಿದರು. ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗಯತಿಗಳ ಶಿಷ್ಯಪರಂಪರೆಯಲ್ಲಿ ಆ ಕಾರ್ಯವು ಮುಂದುವರಿಯಿತು. ಆ ಪರಂಪರೆಯ ಗೂಳೂರ ಸಿದ್ಧವೀರಣ್ಣೊಡೆಯರು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಮಾರಯ್ಯ ಲಕ್ಕಮ್ಮಂದಿರಿಗೇ ಒಂದು ಸಂಪಾದನೆಯು ಮೀಸಲಾಗಿರುವುದು. ಎಡೆಯೂರೂ ಗೂಳೂರೂ ಶಿವಗಂಗೆಗೆ ದೂರವಾದ ಊರುಗಳೇನೂ ಅಲ್ಲ. ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಬಡ ಹೆಂಗಸಿನ ಮಾತನ್ನು ಓಲೆಗರಿಗಳಲ್ಲಿ ಒಬ್ಬರಿಂದೊಬ್ಬರು ಪ್ರತಿಮಾಡಿಕೊಂಡು ಕಾಪಾಡಿದ ಮಠಗಳು ಈ ಸೀಮೆಯ ಆಸುಪಾಸಿನವೇ ಎಂಬುದು ಭಕ್ತರು ಹೆಮ್ಮೆಪಡತಕ್ಕ ಸಂಗತಿ.

ರಾಣಿಯ ಶಾಸನವೂ ಅಕ್ಕಿಯಾಯುವವಳ ವಚನವೂ ಲೋಕದ ಕೈಗೆ ಬಂದುದರಲ್ಲಿಯೂ ಒಂದು ವಿಶೇಷವುಂಟು. ಬಿ. ಎಲ್. ರೈಸರು ೧೮೮೯ರಲ್ಲಿ ಶ್ರವಣಬೆಳಗೊಳದ ೧೪೪ ಶಾಸನಗಳನ್ನು ಪ್ರಕಟಿಸಿದ್ದರು. ಆರ್. ನರಸಿಂಹಾಚಾರ್ಯರು ಮತ್ತೆ ಶೋಧಿಸಿ ೫೦೦ ಶಾಸನಗಳ ಪರಿಷ್ಕೃತ ಸಂಪುಟವನ್ನು ಹೊರತಂದುದು ೧೯೨೩ರಲ್ಲಿ. ಅದೇ ೧೯೨೩ರಲ್ಲಿ ವಿಜಾಪುರದ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಒಬ್ಬರು ಕಲ್ಲಿನಿಂದ ಬಿಡಿಸಿದರು. ಮತ್ತೊಬ್ಬರು ಗರಿಯಿಂದ ಬಿಡಿಸಿದರು. ಕೇಳಿದ ಮಾತಿಗಿಂತ ಕಂಡ ಅಕ್ಷರವು ಮೇಲೆಂದು ನಂಬಿ, ಕಣ್ಣು ನೋಯುವವರೆಗೆ ಓದಿ ಹೊಂದಿಸಿದ ಇವರ ಶ್ರಮವೂ ಕಾಯಕವೇ ಸರಿ. ಇಲ್ಲದುದನ್ನು ಸೇರಿಸದೆ ಇದ್ದುದನ್ನು ಬಿಡದೆ ಮುಂದಿನವರಿಗೆ ಒಪ್ಪಿಸುವುದೂ ದಾಸೋಹವೇ ಸರಿ.

ಪುರಾಣಕಥೆಗಳನ್ನೂ ಐತಿಹ್ಯಗಳನ್ನೂ ಹೀಗೆ ಒರೆಗೆ ಹಚ್ಚುತ್ತ ಹೋದರೆ ಭಕ್ತಿಯು ಕುಂದುವುದಿಲ್ಲವೇ ಎಂದು ಕೇಳುವವರುಂಟು. ಭಕ್ತಿಯ ಅನುಭವವು ಬೇರೆ, ನಡೆದ ಸಂಗತಿಯ ನಿರ್ಣಯವು ಬೇರೆ. ಗಂಗಾಧರೇಶ್ವರನಿಗೆ ಎರೆದ ತುಪ್ಪವು ಬೆಣ್ಣೆಯಾಗುವುದೆಂದು ಭಕ್ತರು ನಂಬಿ ಆನಂದಪಡುವರು. ಅದರಿಂದ ಯಾವ ಮನುಷ್ಯನ ಚರಿತ್ರೆಗೂ ಹಾನಿಯಿಲ್ಲ. ಶಾಂತಲೆಯ ವಿಷಯವು ಹಾಗಲ್ಲ. ಅಲ್ಲಿ ಹೇಳುವುದು ಒಬ್ಬ ಹೆಂಗಸು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಳೆಂಬ ಮಾತು; ಅದನ್ನು ಕೇಳುವವರಲ್ಲಿ ಮಕ್ಕಳಿಲ್ಲವೆಂದು ಮನೆಯವರಿಂದ ನುಡಿತಿಂದ ಸೊಸೆಯರೂ ಇರುವರು; ಗಂಡುಮಗು ಹುಟ್ಟಲಿಲ್ಲವೆಂದು ತಲೆತಗ್ಗಿಸಿಕೊಂಡು ಹರಕೆಗೆ ಬಂದ ತಾಯಂದಿರೂ ಇರುವರು. ಅವರ ಎದುರಿಗೆ, ಆ ಬಂಡೆಯ ಅಂಚಿನಲ್ಲಿ, ‘ಮಗನಿಲ್ಲದವಳು ಇಲ್ಲಿಂದ ಹಾರಿದಳು, ಅದೇ ಪ್ರೀತಿ’ ಎಂದು ಹೇಳುವುದು ಎಷ್ಟು ಕಠಿಣವಾದ ಮಾತೆಂಬುದನ್ನು ಹೇಳುವವರು ಒಂದು ಕ್ಷಣ ಆಲೋಚಿಸಬೇಕು. ಸತ್ಯವಲ್ಲದ ಕಥೆಯು ಇಲ್ಲಿ ದಯೆಯಿಲ್ಲದ ಕಥೆಯೂ ಆಗುವುದು. ದಯೆಯನ್ನೇ ಧರ್ಮದ ಬೇರೆಂದು ತಿಳಿದವರ ಬಾಯಿಗೆ ಅದು ತಕ್ಕುದಲ್ಲ.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಎಳೆಯು ತುಂಡಾದರೆ ನೇಕಾರನು ಕೂಡಲೇ ಮಗ್ಗವನ್ನು ನಿಲ್ಲಿಸಿ ಗಂಟುಹಾಕುವನು. ತುಂಡಾದುದನ್ನು ಮುಚ್ಚಿ ಮುಂದೆ ನೆಯ್ದರೆ ಬಟ್ಟೆಯುದ್ದಕ್ಕೂ ಆ ದೋಷವು ಓಡುವುದು. ದೇವನಹಳ್ಳಿಯ ತೋಟದಲ್ಲಿ ಚಕ್ಕೋತದ ಹಣ್ಣನ್ನು ಆರಿಸುವವಳೂ, ಹೊಸಕೋಟೆಯ ಸಂತೆಯಲ್ಲಿ ತರಕಾರಿಯನ್ನು ತೂಗುವವನೂ, ನೆಲಮಂಗಲದ ಹೊಲದಲ್ಲಿ ರಾಗಿಯ ಕಣವನ್ನು ಅಳೆಯುವವನೂ ಇಂತಹ ಸಣ್ಣ ಸತ್ಯಗಳಲ್ಲಿಯೇ ದಿನಗಳನ್ನು ಕಳೆಯುವರು. ತಕ್ಕಡಿಯಲ್ಲಿ ನಡೆಯುವ ಸತ್ಯವು ನಾಲಗೆಯಲ್ಲಿಯೂ ನಡೆಯಬೇಕು. ಕಾಳಿನಲ್ಲಿ ಮೋಸಮಾಡದವರು ಕಥೆಯಲ್ಲಿ ಮೋಸಮಾಡಬಾರದು. ಲಕ್ಕಮ್ಮನು ಮಿಕ್ಕ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಂತೆ, ಶಾಸನವು ಕೊಟ್ಟುದಕ್ಕಿಂತ ಮಿಕ್ಕ ಮಾತನ್ನು ಹಿಂದಕ್ಕೆ ಸುರಿದು ಬರುವುದೇ ಚರಿತ್ರೆಯನ್ನು ಹೇಳುವವರಿಗೆ ಕಾಯಕಧರ್ಮವು.

ಆದಕಾರಣ ಮುಂದಿನ ಸಂಕ್ರಾಂತಿಗೆ ಶಿವಗಂಗೆಯನ್ನು ಹತ್ತುವ ಭಕ್ತಮಹಾಶಯರು, ತುದಿಯ ಬಂಡೆಯ ಬಳಿಯಲ್ಲಿ ಮಕ್ಕಳು ‘ಇಲ್ಲಿ ಏನು ನಡೆಯಿತು?’ ಎಂದು ಕೇಳಿದಾಗ, ಇಷ್ಟನ್ನು ಹೇಳಬಹುದು: ಎಂಟು ಶತಮಾನಗಳಿಗೂ ಹಿಂದೆ ಶಾಂತಲೆಯೆಂಬ ರಾಣಿಯಿದ್ದಳು; ಆಕೆಯು ಹಾಡಬಲ್ಲವಳಾಗಿದ್ದಳು, ಕುಣಿಯಬಲ್ಲವಳಾಗಿದ್ದಳು; ಗುಡಿಯನ್ನೂ ಬಸದಿಯನ್ನೂ ಕಟ್ಟಿಸಿದಳು; ಮುನಿಗಳ ಅನ್ನಕ್ಕಾಗಿ ಊರನ್ನು ಬಿಟ್ಟುಕೊಟ್ಟಳು; ಶೈವನಾದ ತಂದೆಯ ಮನೆಯಲ್ಲಿ ಹುಟ್ಟಿ, ಜೈನಳಾದ ತಾಯಿಯ ಧರ್ಮದಲ್ಲಿ ಬೆಳೆದು, ಕೊನೆಗೆ ಈ ಶಿವಕ್ಷೇತ್ರದಲ್ಲಿ ಕಣ್ಮುಚ್ಚಿದಳು; ಆಕೆಯ ತಾಯಿಗೆ ಆಕೆಯ ಮೇಲೆ ಪ್ರಾಣಕ್ಕಿಂತ ಹೆಚ್ಚು ಪ್ರೀತಿಯಿತ್ತು. ಇಷ್ಟನ್ನು ಹೇಳಿ, ಮಗುವಿನ ಕೈಯನ್ನು ಭದ್ರವಾಗಿ ಹಿಡಿದುಕೊಂಡು, ಮೆಟ್ಟಿಲುಗಳನ್ನು ಮೆಲ್ಲಗೆ ಇಳಿದು ಬರಲಿ. ಕೆಳಗೆ ದಾಸೋಹದ ಪಂಕ್ತಿಯಲ್ಲಿ ಅನ್ನವು ಕಾದಿರುವುದು.